ಸೀಸದ ಗುಂಡಿಗೆ ಪೌಡರ್ ಕೋಟಿಂಗ್: ನನ್ನ ಅನುಭವ

ನಾನೇ ಎರಕ ಹೊಯ್ದ ಸೀಸದ ಗುಂಡುಗಳಿಗೆ ಮೊದಲೆಲ್ಲ ನಳಿಗೆಯಲ್ಲಿ ಸಲೀಸಾಗಿ ಜಾರಲೆಂದು ಜೇನುಮೇಣ ಬೆರೆತ ಲ್ಯೂಬ್ ಹಚ್ಚುತ್ತಿದ್ದೆ. ಕೆಲಸವೇನೋ ನಡೆಯುತ್ತಿತ್ತು. ಆದರೆ ಕೈಗೆಲ್ಲ ಜಿಡ್ಡು, ಹಾರಿಸಿದರೆ ಹೊಗೆ, ಆಮೇಲೆ ನಳಿಗೆಯೊಳಗೆ ಮೆತ್ತಿದ ಸೀಸ ಉಜ್ಜುವ ಶಿಕ್ಷೆ. ಪೌಡರ್ ಕೋಟಿಂಗ್, ಅಂದರೆ ಬಣ್ಣದ ಪುಡಿ ಹಿಡಿಸಿ ಓವನ್ನಿನಲ್ಲಿ ಕಾಯಿಸಿ ಲೇಪ ಮಾಡುವ ಕ್ರಮ, ಹಿಡಿದ ಮೇಲೆ ಆ ಉಜ್ಜಾಟ ಹೆಚ್ಚುಕಡಿಮೆ ತಪ್ಪಿದೆ.

ಲೋಹದ ಸಾಮಾನಿಗೆ ಬಳಿಯುವ ಪಾಲಿಯೆಸ್ಟರ್ ಪುಡಿಯೇ ಇದಕ್ಕೂ ಸಾಕು, ಸ್ಪ್ರೇ ಗನ್ ಬೇಕಿಲ್ಲ. ತಳದಲ್ಲಿ ತ್ರಿಕೋನದೊಳಗೆ 5 ಎಂದು ಅಚ್ಚಾದ (ಪಾಲಿಪ್ರೊಪಿಲೀನ್) ಪ್ಲಾಸ್ಟಿಕ್ ಡಬ್ಬಿಗೆ ಗುಂಡು, ಒಂದು ಹಿಡಿ ಏರ್‌ಸಾಫ್ಟ್ ಮಣಿ (ಆಟದ ಬಂದೂಕಿನ ಪ್ಲಾಸ್ಟಿಕ್ ಗುಂಡು), ಸ್ವಲ್ಪ ಪುಡಿ ಹಾಕಿ ಮುಚ್ಚಳ ಬಿಗಿದು ಚೆನ್ನಾಗಿ ಕುಲುಕುತ್ತೇನೆ. ತಿಕ್ಕಾಟಕ್ಕೆ ಹುಟ್ಟುವ ಸ್ಥಿರ ವಿದ್ಯುತ್ತು ಪುಡಿಯನ್ನು ಸೀಸಕ್ಕೆ ಹಿಡಿಸುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಎಷ್ಟು ಕುಲುಕಿದರೂ ಅಲ್ಲಲ್ಲಿ ಬೋಳು ಉಳಿಯುತ್ತದೆ. ಅಂಥ ದಿನ ಡಬ್ಬಿ ಬದಿಗಿಟ್ಟು ಬೇರೆ ಕೆಲಸ ನೋಡಿಕೊಳ್ಳುವುದೇ ವಾಸಿ. ಗುಂಡಿಗೆ ಎಣ್ಣೆಪಸೆ ತಗುಲಿದ್ದರೂ ಇದೇ ಗತಿ.

ನನ್ನ ಲೆಕ್ಕದಲ್ಲಿ ಅರ್ಧ ಕೆಲಸ ಓವನ್ನಿನದು. ಪುಡಿ ಕರಗಿ ಗಟ್ಟಿ ಲೇಪವಾಗಿ ಬಲಿಯಲು ಸುಮಾರು 200 ಡಿಗ್ರಿ ಸೆಲ್ಸಿಯಸ್ ಬೇಕು. ಶುದ್ಧ ಸೀಸ ಕರಗುವುದು 327ಕ್ಕೆ. ಅಂತರ ದೊಡ್ಡದೆನಿಸಿದರೂ ತವರ, ಆಂಟಿಮನಿ ಬೆರೆತ ಸೀಸ ಅದಕ್ಕಿಂತ ಎಷ್ಟೋ ಮೊದಲೇ ಮೆತ್ತಗಾಗುತ್ತದೆ. ಚಿಕ್ಕ ಓವನ್ನಿನಲ್ಲಿ ಕಾಯಿಲ್‌ಗೆ ಹತ್ತಿರವಿದ್ದ ಗುಂಡಿನ ಮೂತಿ ಕುಸಿಯುವುದು ಹೀಗೆ. ಡಯಲ್ ತೋರಿಸುವುದನ್ನು ನಂಬುವಂತಿಲ್ಲ. ಒಳಗೊಂದು ಥರ್ಮಾಮೀಟರ್ ಇಡಿ. ಟ್ರೇ ತುಂಬ ಸೀಸ ಕಾಯಲು ಹೊತ್ತು ಹಿಡಿಯುತ್ತದೆ. ಹಾಗಾಗಿ ಬಾಗಿಲು ಹಾಕಿದ ಗಳಿಗೆಯಿಂದಲ್ಲ, ಪುಡಿ ಕರಗಿ ಮಿರುಗತೊಡಗಿದಾಗಿನಿಂದ 20 ನಿಮಿಷ ಎಣಿಸುತ್ತೇನೆ.

ಬೆಳ್ಳಗಿದ್ದದ್ದೆಲ್ಲ ಹಾಲಲ್ಲ, ಮಿರುಗಿದ ಮಾತ್ರಕ್ಕೆ ಬಲಿತಿದೆ ಎನ್ನುವಂತಿಲ್ಲ. ಪ್ರತಿ ಟ್ರೇಯಿಂದ ಒಂದನ್ನು ತೆಗೆದು, ಆರಿದ ಮೇಲೆ ಅಸಿಟೋನ್ ಅದ್ದಿದ ಬಟ್ಟೆಯಿಂದ ಉಜ್ಜುತ್ತೇನೆ. ಬಟ್ಟೆಗೆ ಬಣ್ಣ ಹತ್ತಬಾರದು. ಆಮೇಲೆ ಅದನ್ನು ಕಬ್ಬಿಣದ ದಿಂಡಿನ ಮೇಲಿಟ್ಟು ಸುತ್ತಿಗೆಯಿಂದ ಚಪ್ಪಟೆ ಮಾಡುವುದು. ಬಲಿತ ಲೇಪ ಸೀಸದ ಜೊತೆಗೇ ಹಿಗ್ಗಿ, ಜಜ್ಜಿದ ಅಂಚಿನವರೆಗೂ ಹಿಡಿದುಕೊಂಡಿರುತ್ತದೆ. ಬಲಿಯದ್ದು ಈರುಳ್ಳಿ ಸಿಪ್ಪೆಯಂತೆ ಎದ್ದು ಬರುತ್ತದೆ. ಆ ಟ್ರೇ ಮತ್ತೆ ಓವನ್ನಿಗೆ.

ಲೇಪದಿಂದ ಗುಂಡಿನ ವ್ಯಾಸ ಇಂಚಿನ ಸಾವಿರ ಪಾಲಿನಲ್ಲಿ ಒಂದೆರಡು ಪಾಲು ಹೆಚ್ಚುತ್ತದೆ. ಆದ್ದರಿಂದ ಗುಂಡನ್ನು ಸರಿಯಾದ ವ್ಯಾಸಕ್ಕೆ ತರುವ ಸೈಜಿಂಗ್ ಡೈಗೆ ಹಾಕುವುದು ಲೇಪದ ನಂತರ. ಕೇಸಿನ (ಮದ್ದು ತುಂಬಿ ಗುಂಡು ಕೂರಿಸುವ ಲೋಹದ ಚಿಪ್ಪಿನ) ಬಾಯಿಯನ್ನೂ ತುಸು ಹೆಚ್ಚು ಅರಳಿಸಬೇಕು, ಇಲ್ಲದಿದ್ದರೆ ಕೂರಿಸುವಾಗಲೇ ಅಂಚು ಲೇಪವನ್ನು ಹೆರೆದುಬಿಡುತ್ತದೆ. ಮದ್ದಿನ ಪ್ರಮಾಣಕ್ಕೆ ಅಚ್ಚಾದ ರೀಲೋಡಿಂಗ್ (ಕೇಸಿಗೆ ಮರಳಿ ಮದ್ದು-ಗುಂಡು ತುಂಬುವ) ಕೈಪಿಡಿಯೇ ಗತಿ, ಅದೂ ಅದರಲ್ಲಿನ ಅತಿ ಕಡಿಮೆ ಅಳತೆಯಿಂದ ಶುರು.

ಈ ಓವನ್ ಮತ್ತೆಂದೂ ಅಡುಗೆಗೆ ಬರುವಂತಿಲ್ಲ. ನನ್ನದು ಗಾಳಿಯಾಡುವ ಶೆಡ್ಡಿನಲ್ಲಿದೆ. ಕುಲುಕುವಾಗ ಮಾಸ್ಕ್, ಮುಗಿದ ಮೇಲೆ ಸೋಪು, ಆಗಾಗ ರಕ್ತದಲ್ಲಿನ ಸೀಸದ ಪರೀಕ್ಷೆ. ಲೇಪ ಬಂತೆಂದು ಎರಕದ ಹೊತ್ತಿನ ಸೀಸದ ಧೂಳು ಎಲ್ಲಿಗೂ ಹೋಗಿಲ್ಲ.

ಬಣ್ಣದ ಮೋಹ ನನಗೂ ಇದೆ, ಅದಕ್ಕೊಂದು ನೆಪವೂ ಸಿಕ್ಕಿದೆ: ತೂಕಕ್ಕೊಂದು ಬಣ್ಣ ಗೊತ್ತುಮಾಡಿಕೊಂಡಿರುವುದರಿಂದ, ಡಬ್ಬಿ ತೆರೆದೊಡನೆ ಯಾವ ಅಚ್ಚಿನ ಗುಂಡು ಎಂದು ತಿಳಿಯುತ್ತದೆ.