ಬ್ರಿಟನ್ನಿನ ಹಿಲ್‌ಕ್ಲೈಂಬ್‌ಗೆ ಸ್ಪೋರ್ಟ್ಸ್ ಕಾರನ್ನು ಸಜ್ಜುಗೊಳಿಸುವ ಬಗೆ

ಈ ಸಲ ರಜೆಗೆ ಶಿರಸಿಗೆ ಬಂದಾಗ, ನನ್ನಂತೆಯೇ ಇಂಗ್ಲೆಂಡಿನಲ್ಲಿ ಕೆಲಸ ಮಾಡುವ ಕಾರವಾರ, ಕುಮಟಾ ಕಡೆಯ ಮೂವರು ಯುವಕರು ಕೇಳಿದ್ದು ಒಂದೇ ಪ್ರಶ್ನೆ: ಅಲ್ಲಿ ಕೊಂಡ ಹಳೆಯ ಮಾಜ್ದಾ ಎಂಎಕ್ಸ್-5 ಕಾರನ್ನು ಹವ್ಯಾಸಿ ಸ್ಪರ್ಧೆಗೆ ಇಳಿಸುವುದು ಹೇಗೆ? ದೇವಿಮನೆ ಘಟ್ಟದ ತಿರುವುಗಳಲ್ಲಿ ಓಡಾಡಿ ಬೆಳೆದವರಿಗೆ ನಾನು ಹಿಲ್‌ಕ್ಲೈಂಬನ್ನೇ ಮೊದಲು ಸೂಚಿಸುತ್ತೇನೆ. ಏರುದಾರಿಯಲ್ಲಿ ಒಂದೊಂದೇ ಕಾರು ಓಡಿ, ಹಿಡಿದ ಸಮಯದ ಮೇಲೆ ಸ್ಥಾನ ನಿರ್ಧಾರವಾಗುವ ಈ ಸ್ಪರ್ಧೆ ವೂಸ್ಟರ್‌ಶೈರಿನ ಶೆಲ್ಸ್ಲಿ ವಾಲ್ಶ್‌ನಲ್ಲಿ 1905ರಲ್ಲೇ ಆರಂಭವಾಯಿತು. ಅಲ್ಲಿನ ದಾರಿಯ ಉದ್ದ ಕೇವಲ 914 ಮೀಟರ್.

ಅಲ್ಲಿ ಈ ಕ್ರೀಡೆಯನ್ನು ನಿಯಂತ್ರಿಸುವ ಸಂಸ್ಥೆ ಮೋಟರ್‌ಸ್ಪೋರ್ಟ್ ಯುಕೆ. ಸ್ಪರ್ಧಿಸಲು ಅದರ ಮಾನ್ಯತೆಯಿರುವ ಒಂದು ಕ್ಲಬ್ಬಿನ ಸದಸ್ಯತ್ವವೂ ಸಂಸ್ಥೆಯ ಲೈಸೆನ್ಸೂ ಬೇಕು. ಕ್ಲಬ್ ಮಟ್ಟದ ಹಿಲ್‌ಕ್ಲೈಂಬ್‌ಗೆ ಆರ್‌ಎಸ್ ಕ್ಲಬ್‌ಮನ್ ಎಂಬ ಮೊದಲ ಹಂತದ ಲೈಸೆನ್ಸ್ ಸಾಕು, ಅದಕ್ಕೆ ಚಾಲನಾ ಪರೀಕ್ಷೆಯಿಲ್ಲ. ಸರ್ಕ್ಯೂಟ್ ರೇಸಿಗೆ ಇಳಿಯುವವರು ಮಾತ್ರ ಎಆರ್‌ಡಿಎಸ್ ಎಂಬ ರೇಸ್ ಚಾಲಕರ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು.

ಕಾರಿಗೆ ಒಂದು ರೂಪಾಯಿ ಸುರಿಯುವ ಮೊದಲು ಸಂಸ್ಥೆಯ ನಿಯಮಾವಳಿಯನ್ನೂ ಆಯಾ ಸ್ಪರ್ಧೆಯ ಪೂರಕ ನಿಯಮಗಳನ್ನೂ ಓದಿ. ರಸ್ತೆಯಲ್ಲಿ ಓಡಿಸುವ ಕಾರುಗಳಿಗೆ ಪ್ರತ್ಯೇಕ ವರ್ಗಗಳಿವೆ, ಆ ವರ್ಗಗಳಲ್ಲಿ ಯಾವ ಟೈರ್ ನಡೆಯುತ್ತದೆ ಎಂಬುದನ್ನು 1ಎ, 1ಬಿ ಎಂಬ ಪಟ್ಟಿಗಳು ಹೇಳುತ್ತವೆ. ಆಸೆಗೆ ಬಿದ್ದು ಎಂಜಿನ್ನಿಗೆ ಮಾಡಿಸಿದ ಒಂದು ಬದಲಾವಣೆಯಿಂದ ನಿಮ್ಮ ಕಾರು ತನಗಿಂತ ಬಹಳ ಬಲಿಷ್ಠ ಕಾರುಗಳ ವರ್ಗಕ್ಕೆ ಹೋಗಿ ಸೇರಬಹುದು.

ಮೊದಲು ನೋಡಬೇಕಾದದ್ದು ತುಕ್ಕು. ಬೈತಖೋಲ ಬಂದರಿನಲ್ಲಿ ಉಪ್ಪುಗಾಳಿ ಕಬ್ಬಿಣವನ್ನು ಹೇಗೆ ತಿನ್ನುತ್ತದೆ ಎಂಬುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬ್ರಿಟನ್ನಿನಲ್ಲಿ ಚಳಿಗಾಲದ ಹಿಮ ಕರಗಿಸಲು ರಸ್ತೆಗೆ ಉಪ್ಪು ಎರಚುತ್ತಾರೆ, ಅದು ಕಾರಿನ ಅಡಿಯಲ್ಲಿ ಕೂತು ಅದೇ ಕೆಲಸ ಮಾಡುತ್ತದೆ. ಹಳೆಯ ಎಂಎಕ್ಸ್-5ರಲ್ಲಿ ಬಾಗಿಲ ಕೆಳಗಿನ ಪಟ್ಟಿ ಹಿಂಚಕ್ರದ ಬಳಿ ಒಳಗಿನಿಂದಲೇ ಕೊಳೆಯುತ್ತದೆ. ಹೊರಗೆ ಬಣ್ಣ ನುಣುಪಾಗಿರುತ್ತದೆ, ಬೆರಳಿಂದ ಒತ್ತಿದರೆ ಕುಸಿಯುತ್ತದೆ. ಅದನ್ನು ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸದೆ ಮುಂದಿನ ಯಾವ ಕೆಲಸಕ್ಕೂ ಕೈ ಹಾಕಬೇಡಿ.

ಸ್ಪರ್ಧೆಯ ದಿನ ಬೆಳಿಗ್ಗೆ ಸ್ಕ್ರೂಟಿನೀರ್ ಎಂಬ ತಪಾಸಣಾಧಿಕಾರಿ ಕಾರನ್ನು ಪರೀಕ್ಷಿಸುತ್ತಾರೆ. ನನ್ನ ಮೊದಲ ತಪಾಸಣೆಯಲ್ಲಿ ಅವರು ಡಿಕ್ಕಿ ತೆರೆಸಿ, ಅಲ್ಲೇ ಕೂರಿಸಿದ್ದ ಬ್ಯಾಟರಿಯನ್ನು ಎರಡೂ ಕೈಯಿಂದ ಹಿಡಿದು ಅಲುಗಿಸಿದರು. ಅದು ಒಂದು ಬೆರಳಿನಷ್ಟು ಸರಿಯಿತು. ಪಕ್ಕದ ಸ್ಪರ್ಧಿಯೊಬ್ಬರು ಕೊಟ್ಟ ಬೋಲ್ಟಿನಿಂದ ಪಟ್ಟಿಯನ್ನು ಬಿಗಿದು ತೋರಿಸುವವರೆಗೆ ನನಗೆ ಅನುಮತಿ ಸಿಗಲಿಲ್ಲ, ಮತ್ತು ಅದು ನ್ಯಾಯವೇ ಆಗಿತ್ತು. ಬ್ಯಾಟರಿಯ ಅರ್ಥ್ ತಂತಿಗೆ ಹಳದಿ ಟೇಪ್ ಸುತ್ತಬೇಕು. ಅಪಘಾತವಾದಾಗ ನೆರವಿಗೆ ಬಂದವರು ಯಾವ ತಂತಿ ಕತ್ತರಿಸಬೇಕೆಂದು ಹುಡುಕುವಂತಾಗಬಾರದು. ಇಗ್ನಿಷನ್ ಕೀಲಿಯ ಆನ್, ಆಫ್ ದಿಕ್ಕುಗಳನ್ನು ಸ್ಪಷ್ಟವಾಗಿ ಗುರುತಿಸಬೇಕು. ಕಾರಿನ ಮುಂತುದಿಯಲ್ಲಿ ಸುಮಾರು 5 ಸೆಂಟಿಮೀಟರ್ ಅಗಲ, 25 ಸೆಂಟಿಮೀಟರ್ ಎತ್ತರದ, ಹೊಳಪಿಲ್ಲದ ಕಪ್ಪು ಬಣ್ಣದ ಪಟ್ಟಿಯೊಂದನ್ನು ನೆಟ್ಟಗೆ ನಿಲ್ಲಿಸಬೇಕು. ಸಮಯ ಅಳೆಯುವ ಬೆಳಕಿನ ಕಿರಣವನ್ನು ಕಡಿಯುವುದು ಅದೇ.

ಹೆಲ್ಮೆಟ್ಟಿನಲ್ಲಿ ಉಳಿತಾಯ ಮಾಡಬೇಡಿ. ಬೈಕಿನ ಹೆಲ್ಮೆಟ್ ನಡೆಯುವುದಿಲ್ಲ. ಕಾರ್ ರೇಸಿನ ಹೆಲ್ಮೆಟ್‌ಗಳಿಗೆ ಕೊಡುವ ಸ್ನೆಲ್ ಎಸ್‌ಎ ಗುರುತು ಅಥವಾ ಅಂತರರಾಷ್ಟ್ರೀಯ ಮೋಟರ್ ಕ್ರೀಡಾ ಸಂಸ್ಥೆಯಾದ ಎಫ್‌ಐಎಯ ಗುರುತಿರುವ, ಬೆಂಕಿ ತಡೆಯುವ ಒಳಪದರದ ಹೆಲ್ಮೆಟ್ಟೇ ಬೇಕು. ಮೇಲ್ಛಾವಣಿ ತೆರೆಯುವ ಕಾರಿಗೆ ರೋಲ್ ಬಾರ್, ಅಂದರೆ ಕಾರು ಮಗುಚಿದರೆ ತಲೆ ಕಾಯುವ ಉಕ್ಕಿನ ಕಮಾನು, ಹಾಕಿಸುವುದು ನನ್ನ ದೃಷ್ಟಿಯಲ್ಲಿ ಮೊದಲ ಖರ್ಚು. ಸೀಟಿನಲ್ಲಿ ಕೂತಾಗ ಹೆಲ್ಮೆಟ್ಟಿನ ತುದಿ ಬಾರಿಗಿಂತ 5 ಸೆಂಟಿಮೀಟರ್ ಕೆಳಗಿರಬೇಕು. ಎಫ್‌ಐಎ ನಿಯಮದ ಪೂರ್ಣ ಪಂಜರಕ್ಕೆ ಮುಖ್ಯ ಕಮಾನಿನ ಕೊಳವೆ 45 ಮಿಲಿಮೀಟರ್ ವ್ಯಾಸ, 2.5 ಮಿಲಿಮೀಟರ್ ದಪ್ಪ, ಇಲ್ಲವೇ 50 ವ್ಯಾಸ, 2 ದಪ್ಪದ್ದು. ಊರಿನ ವರ್ಕ್‌ಶಾಪಿನಲ್ಲಿ ನೀರಿನ ಪೈಪ್ ಬಗ್ಗಿಸಿ ಕಮಾನು ಮಾಡುವಂತೆ ಇದನ್ನು ಮಾಡುವ ಯೋಚನೆಯೇ ಬೇಡ.

ಕಾರನ್ನು ಸ್ಪರ್ಧಾಸ್ಥಳಕ್ಕೆ ರಸ್ತೆಯ ಮೇಲೆಯೇ ಓಡಿಸಿಕೊಂಡು ಹೋಗುವವರಿಗೆ ವಾಹನದ ವಾರ್ಷಿಕ ಸುರಕ್ಷತಾ ತಪಾಸಣೆಯ ಎಂಒಟಿ ಪ್ರಮಾಣಪತ್ರವೂ ವಿಮೆಯೂ ಚಾಲ್ತಿಯಲ್ಲಿರಬೇಕು. ಮಾಡಿಸಿದ ಬದಲಾವಣೆಗಳನ್ನು ವಿಮಾ ಕಂಪನಿಗೆ ತಿಳಿಸಿ. ಸಾಮಾನ್ಯ ವಿಮೆ ಸ್ಪರ್ಧೆಯಲ್ಲಾದ ನಷ್ಟವನ್ನು ಭರಿಸುವುದಿಲ್ಲ. ಸ್ಪರ್ಧಾಸ್ಥಳದಲ್ಲಿ ಕಾರಿನ ಶಬ್ದವನ್ನು ಸೈಲೆನ್ಸರ್ ಬಾಯಿಯಿಂದ ಅರ್ಧ ಮೀಟರ್ ದೂರದಲ್ಲಿ, 45 ಡಿಗ್ರಿ ಕೋನದಲ್ಲಿ ಅಳೆಯುತ್ತಾರೆ.

ಓಟ ಆರಂಭಿಸುವ ಸಾಲಿಗೆ ಹೋಗುವ ಮುನ್ನ ಕಾರಿನೊಳಗಿನ ಬಿಡಿ ವಸ್ತುಗಳನ್ನೆಲ್ಲ ತೆಗೆಯಬೇಕು. ನನ್ನ ಡ್ಯಾಶ್‌ಬೋರ್ಡಿನ ಮೇಲೆ ಅಮ್ಮ ಕೊಟ್ಟ ಇಡಗುಂಜಿ ಗಣಪತಿಯ ಪುಟ್ಟ ಹಿತ್ತಾಳೆ ಮೂರ್ತಿಯಿದೆ. ಅದನ್ನು ಕರವಸ್ತ್ರದಲ್ಲಿ ಸುತ್ತಿ, ಬಿಡಿ ಚಕ್ರ ಮತ್ತು ಜಾಕ್‌ನ ಜೊತೆ ಪ್ಯಾಡಕ್‌ನಲ್ಲಿ, ಅಂದರೆ ಸ್ಪರ್ಧಿಗಳು ಕಾರು ನಿಲ್ಲಿಸಿ ಸಜ್ಜುಗೊಳಿಸುವ ಜಾಗದಲ್ಲಿ, ಇಟ್ಟ ಮೇಲೆಯೇ ನಾನು ಸೀಟ್‌ಬೆಲ್ಟ್ ಬಿಗಿದುಕೊಳ್ಳುತ್ತೇನೆ.