ಹೌದು, ನನ್ನ ಜೆಲ್‌ನಲ್ಲಿ ಕಾಸ್ಟಿಕ್ ಇದೆ

ರಾಯಚೂರಿನ ಬಿಸಿಲಲ್ಲಿ ಎಣ್ಣೆ ಕ್ರೀಮು ಹಚ್ಚಿಕೊಂಡರೆ ಮುಖವೆಲ್ಲ ಜಿಡ್ಡು. ಅದಕ್ಕೇ ಮನೆಮಂದಿಗಂತ ನೀರಿನ ಜೆಲ್ ಮಾಡುತ್ತೇನೆ. ಮಾರುವುದಿಲ್ಲ, ಮಾರಬೇಕಂದ್ರೆ ಲೈಸೆನ್ಸ್ ಬೇಕು.

ಅದಕ್ಕೆ ಸೋಡಿಯಂ ಹೈಡ್ರಾಕ್ಸೈಡ್ ಹಾಕುತ್ತೇನೆ ಅಂದ ಕೂಡಲೇ ಓರಗಿತ್ತಿಗೆ ಗಾಬರಿ. "ಅಕ್ಕಾ, ಅದು ಮೋರಿ ತೊಳೆಯೋ ಕಾಸ್ಟಿಕ್ ಅಲ್ವಾ?" ಅದೇ. ಆದರೆ ಜೆಲ್ ಆಗುವಾಗ ಅದು ಕಾರ್ಬೋಮರ್ ಅನ್ನೋ ಆಮ್ಲದ ಜೊತೆ ಕೂಡಿ ಕಾಸ್ಟಿಕ್ ಆಗಿ ಉಳಿಯುವುದೇ ಇಲ್ಲ. ನೋಡಬೇಕಾದ್ದು ಕೊನೆಗೆ ಬಂದ ಪಿಎಚ್ (ಆಮ್ಲ-ಕ್ಷಾರದ ಅಳತೆ; 7ಕ್ಕಿಂತ ಕಡಿಮೆ ಆಮ್ಲ, ಹೆಚ್ಚು ಕ್ಷಾರ) ಎಷ್ಟು ಅಂತ.

100 ಗ್ರಾಂ ಡಿಸ್ಟಿಲ್ಡ್ ನೀರಿಗೆ ನೀರನ್ನು ಗಟ್ಟಿ ಮಾಡುವ ಕಾರ್ಬೋಮರ್ ಪುಡಿ ಅರ್ಧ ಗ್ರಾಂ ಉದುರಿಸಿ ನೆನೆಯಲು ಬಿಡುತ್ತೇನೆ. ನಮ್ಮ ಬೋರ್ ನೀರು ಬೇಡವೇ ಬೇಡ, ಉಪ್ಪಿನಂಶಕ್ಕೆ ಜೆಲ್ ನೀರಾಗುತ್ತದೆ. ಕೆಡದಿರಲು ಫಿನಾಕ್ಸಿಇಥನಾಲ್, 1 ಗ್ರಾಂ ಮೀರದಂತೆ. ಆಗ ಅದು ಅಕ್ಕಿ ತೊಳೆದ ನೀರಿನ ಹಾಗೆ ಮಸುಕು, ಪಿಎಚ್ ಸುಮಾರು 3.

ಈಗ ಶೇ. 10ರ ಕಾಸ್ಟಿಕ್ ದ್ರಾವಣ, ಹನಿ ಹನಿಯಾಗಿ. ಮೊದಮೊದಲು ಏನೂ ಆಗುವುದಿಲ್ಲ. ಆಮೇಲೆ ಚಮಚ ಭಾರವಾಗುತ್ತದೆ, ಮಸುಕು ತಿಳಿಯಾಗುತ್ತದೆ, ಚಮಚ ಎತ್ತಿದರೆ ಜೆಲ್ ಮುದ್ದೆಯಾಗಿ ಅದರ ಜೊತೆಗೇ ಬರುತ್ತದೆ. ಸುರುಳಿ ಸುತ್ತಿದ್ದ ಕಾರ್ಬೋಮರ್ ಎಳೆಗಳು ಕ್ಷಾರ ಸಿಕ್ಕೊಡನೆ ಒಂದನ್ನೊಂದು ದೂಡಿ ಬಿಚ್ಚಿಕೊಂಡು ನೀರನ್ನು ಹಿಡಿದಿಡುತ್ತವೆ. ಎಷ್ಟು ಸಲ ನೋಡಿದರೂ ನನಗೆ ಬೇಜಾರಿಲ್ಲ. ಪಿಎಚ್ 5.5ರಿಂದ 6ರೊಳಗೆ ಬಂದರೆ ನಿಲ್ಲಿಸುತ್ತೇನೆ. ನಮ್ಮ ಚರ್ಮದ್ದೇ 5ರ ಆಸುಪಾಸು ಇರುತ್ತದೆ. ಜಾಸ್ತಿಯಾದರೆ ನಿಂಬೆ ಉಪ್ಪಿನ (ಸಿಟ್ರಿಕ್ ಆಮ್ಲ) ದ್ರಾವಣದಿಂದ ಇಳಿಸಬಹುದು, ಆದರೆ ಜೆಲ್ ಸ್ವಲ್ಪ ತೆಳ್ಳಗಾಗುತ್ತದೆ. ಅವಸರ ಬೇಡ.

ನಿಜವಾಗಿ ಹುಷಾರಾಗಿರಬೇಕಾದ್ದು ದ್ರಾವಣ ಮಾಡುವಾಗ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ, ಮಕ್ಕಳು ದೂರ. ನೀರಿಗೆ ಕಾಸ್ಟಿಕ್ ಹಾಕಬೇಕು, ಕಾಸ್ಟಿಕ್ ಮೇಲೆ ನೀರು ಸುರಿದರೆ ಕುದಿದು ಸಿಡಿಯುತ್ತದೆ. ಅಲ್ಯೂಮಿನಿಯಂ ಪಾತ್ರೆಯನ್ನಂತೂ ತಿಂದೇ ಹಾಕುತ್ತದೆ.

"ಅಡುಗೆ ಸೋಡಾ ಹಾಕಿದರೆ ಆಗಲ್ವಾ?" ಅಂತ ಕೇಳುವವರಿದ್ದಾರೆ. ಗಟ್ಟಿಯೇನೋ ಆಗುತ್ತದೆ, ಆದರೆ ಎದ್ದ ಗುಳ್ಳೆಗಳೆಲ್ಲ ಒಳಗೇ ಸಿಕ್ಕಿಕೊಳ್ಳುತ್ತವೆ. ಇನ್ನು ನಿಂಬೆರಸ ಹಚ್ಚಿಕೊಂಡು ನಮ್ಮ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪು ಕಲೆ ಬೀಳಬಹುದು. ಮನೆಯದು ಅಂದಮಾತ್ರಕ್ಕೆ ಸೌಮ್ಯ ಅಂತೇನಿಲ್ಲ.

ಪಿಎಚ್ ನೋಡಲು ಕೆಂಪು-ನೀಲಿ ಲಿಟ್ಮಸ್ ಸಾಲದು. ಅರ್ಧರ್ಧ ಅಂಕಿ ತೋರಿಸುವ ಪಟ್ಟಿ ತರಬೇಕು. ಮೀಟರ್ ಇದ್ದರೆ ಪಿಎಚ್ 4 ಮತ್ತು 7ರ ಬಫರ್‌ನಲ್ಲಿ (ಪಿಎಚ್ ಮೊದಲೇ ಗೊತ್ತಿರುವ ದ್ರಾವಣ) ಸರಿಮಾಡಿಕೊಂಡೇ ಅಳೆಯಿರಿ.