ಅರ್ಧ ಗಂಟೆಯ ಪಿಯಾನೊ ಪಾಠ, ಮಿಕ್ಕ ಆರು ದಿನದ ಅಭ್ಯಾಸ

ವಾರಕ್ಕೊಮ್ಮೆ ಬರುವ ವಿದ್ಯಾರ್ಥಿ ನಿಮ್ಮೆದುರು ಕೂರುವುದು 30 ನಿಮಿಷ, ಹೆಚ್ಚೆಂದರೆ 45. ಕೈ ಪಳಗುವುದು ಮನೆಯಲ್ಲಿ. ಹಾಗಾಗಿ ಹೊಸ ಪಾಠ ಹೇಳಿ ಕಳಿಸಿದರೆ ಸಾಲದು, ಅಭ್ಯಾಸ ಮಾಡುವ ಬಗೆಯನ್ನು ಕ್ಲಾಸಿನಲ್ಲೇ ಒಮ್ಮೆ ಮಾಡಿಸಿ ಕಳಿಸಬೇಕು.

ಮೊದಲು ಕೂರುವ ಭಂಗಿ. ಬೆಂಚಿನ ಮುಂದಿನ ಅರ್ಧದಲ್ಲಷ್ಟೇ ಕೂರಿಸಿ. ಬೆರಳು ಕೀಗಳ ಮೇಲಿದ್ದಾಗ ಮೊಣಕೈ ಅದೇ ಮಟ್ಟದಲ್ಲೋ ತುಸು ಮೇಲೋ ಇರಲಿ. ಬೆಂಚು ತಗ್ಗಾದರೆ ಮಣಿಕಟ್ಟು ಜೋತು ಬೀಳುತ್ತದೆ. ಪುಟ್ಟ ಮಕ್ಕಳ ಪಾದ ನೆಲಕ್ಕೆ ಎಟುಕದಿದ್ದರೆ ಕೆಳಗೊಂದು ಸ್ಟೂಲ್ ಇಡಿ. ಕಾಲು ನೇತಾಡುತ್ತಿದ್ದರೆ ಮೈಗೆ ಆಸರೆಯಿಲ್ಲದೆ ಹೆಗಲು ಬಿಗಿಯುತ್ತದೆ. ಕೈ ಬಿಗಿಯಾಗಿದೆ ಅನ್ನಿಸಿದರೆ ಬೆರಳು ತಿದ್ದುವ ಮುಂಚೆ ಕಾಲು ನೋಡಿ.

ಮೊದಲ ದಿನ ಪುಸ್ತಕ ತೆರೆಯಬೇಡಿ. ಎರಡು ಕಪ್ಪು ಕೀಗಳ ಜೋಡಿಯ ಎಡಕ್ಕಿರುವ ಬಿಳಿ ಕೀ 'ಸಿ' (ಅಲ್ಲಿಂದ ಬಲಕ್ಕೆ ಬಿಳಿ ಕೀಗಳು ಡಿ, ಇ, ಎಫ್, ಜಿ, ಎ, ಬಿ) ಎಂದು ತೋರಿಸಿ, 88 ಕೀಗಳ ಪಿಯಾನೊದಲ್ಲಿ ಎಂಟೂ 'ಸಿ'ಗಳನ್ನು ಹುಡುಕಿಸಿ. ಮಕ್ಕಳು ಏಳಕ್ಕೇ ನಿಲ್ಲಿಸುವುದುಂಟು: ಬಲ ತುದಿಯ ಕೊನೆಯ 'ಸಿ'ಯ ಆಚೆ ಕಪ್ಪು ಕೀಯೇ ಇಲ್ಲ. ಬೆರಳುಗಳಿಗೆ ಸಂಖ್ಯೆ ಕೊಡುವಾಗ ಎರಡೂ ಕೈಗಳಲ್ಲಿ ಹೆಬ್ಬೆರಳೇ 1, ಕಿರುಬೆರಳು 5. ಗಿಟಾರ್ ಕಲಿತು ಬಂದವರು ತೋರುಬೆರಳನ್ನು 1 ಅಂದುಕೊಂಡಿರುತ್ತಾರೆ, ಕೇಳಿ ತಿಳಿದುಕೊಳ್ಳಿ.

ನೋಟ್ಸ್ ಓದಿಸುವಾಗ ಪ್ರತಿ ಸ್ವರದ ಮೇಲೂ ಅಕ್ಷರ ಬರೆದುಕೊಡಬೇಡಿ. ಬರೆದರೆ ಕಣ್ಣು ಅಕ್ಷರವನ್ನೇ ಓದುತ್ತದೆ, ಗೆರೆಗಳನ್ನು ನೋಡುವುದೇ ಇಲ್ಲ. ಕೀಗಳ ಸಾಲಿನ ನಡುಭಾಗದ ಮಿಡಲ್ 'ಸಿ', ಮೇಲ್ಸ್ವರಗಳ ಗೆರೆಗಳ ಆರಂಭದ ಚಿಹ್ನೆ ಟ್ರೆಬಲ್ ಕ್ಲೆಫ್ ಸುತ್ತಿಕೊಂಡಿರುವ ಗೆರೆಯ 'ಜಿ', ಕೆಳಸ್ವರಗಳ ಗೆರೆಗಳ ಚಿಹ್ನೆ ಬಾಸ್ ಕ್ಲೆಫ್‌ನ ಎರಡು ಚುಕ್ಕಿಗಳ ನಡುವಿನ 'ಎಫ್', ಈ ಮೂರು ಗುರುತು ಗಟ್ಟಿಯಾದರೆ ಸಾಕು. ಉಳಿದವನ್ನು ಅಲ್ಲಿಂದ ಎಷ್ಟು ಹೆಜ್ಜೆ ಮೇಲೆ, ಎಷ್ಟು ಕೆಳಗೆ ಎಂದು ಓದಿಸಿ.

ಹೆಚ್ಚು ಜನ ಎಡವುವುದು ಸ್ವರಗಳನ್ನು ಸಾಲಾಗಿ ನುಡಿಸುವ ಸ್ಕೇಲ್‌ನಲ್ಲಿ ಹೆಬ್ಬೆರಳನ್ನು ಉಳಿದ ಬೆರಳುಗಳಡಿಯಿಂದ ದಾಟಿಸುವಾಗ. ಸಿ ಮೇಜರ್‌ನಲ್ಲಿ 'ಸಿ'ಯಿಂದ ಮುಂದಿನ 'ಸಿ'ವರೆಗೆ ಬಿಳಿ ಕೀಗಳಲ್ಲೇ ಏರುವಾಗ ಬಲಗೈಯ ಬೆರಳು 1-2-3-1-2-3-4-5. 'ಇ' ನುಡಿಸಿ ಮುಗಿಸುವವರೆಗೂ ಹೆಬ್ಬೆರಳು ಹೊರಗೇ ಇದ್ದರೆ ಆಮೇಲೆ ಅವಸರದಲ್ಲಿ ಒಳನುಗ್ಗಬೇಕಾಗುತ್ತದೆ. ಆಗ ಮೊಣಕೈ ಹೊರಕ್ಕೆ ಚಿಮ್ಮಿ, 'ಎಫ್' ಧಪ್ಪೆಂದು ಜೋರಾಗಿ ಕೇಳುತ್ತದೆ. 'ಜೋರಾಗಿ ಒತ್ತಬೇಡ' ಅಂದರೆ ಪ್ರಯೋಜನವಿಲ್ಲ, ತೊಂದರೆ ಅದಕ್ಕೂ ಮೊದಲೇ ಶುರುವಾಗಿರುತ್ತದೆ. 2ನೇ ಬೆರಳು ಒತ್ತಿದ ಕೂಡಲೇ ಹೆಬ್ಬೆರಳು ಅಂಗೈಯಡಿಗೆ ಸರಿಯತೊಡಗಲಿ. 'ಇ'ಯನ್ನು 3ರಲ್ಲಿ ಹಿಡಿದಿಟ್ಟು, ಹೆಬ್ಬೆರಳಿನಿಂದ 'ಎಫ್' ಅನ್ನು ಸದ್ದಾಗದಂತೆ ಐದು ಸಲ ಮುಟ್ಟಿಸಿ, ಆರನೆಯ ಸಲ ನುಡಿಸಲಿ.

ಎರಡೂ ಕೈ ಸೇರಿಸುವಾಗ ಒಂದೇ ದಿಕ್ಕಿನಿಂದ ಆರಂಭಿಸಬೇಡಿ. ಎಡಗೈ ಮೇಲೇರುವಾಗ 5-4-3-2-1-3-2-1. ಬಲಗೈ 'ಎಫ್'ನಲ್ಲಿ ದಾಟಿದರೆ ಎಡಗೈ (3ನೇ ಬೆರಳು ಹೆಬ್ಬೆರಳ ಮೇಲಿಂದ) ದಾಟುವುದು 'ಎ'ಯಲ್ಲಿ, ಮಕ್ಕಳು ಸಿಕ್ಕಿಹಾಕಿಕೊಳ್ಳುವುದು ಅಲ್ಲೇ. ಎರಡೂ ಹೆಬ್ಬೆರಳನ್ನು ಮಿಡಲ್ 'ಸಿ'ಯಲ್ಲಿಟ್ಟು ಕೈಗಳನ್ನು ಎದುರುಬದುರು ದಿಕ್ಕಿಗೆ ಕಳಿಸಿದರೆ ಎರಡಕ್ಕೂ ಒಂದೇ ಬೆರಳು ಬರುತ್ತದೆ.

ಸ್ವರಗಳನ್ನು ಮೊಳಗುತ್ತಲೇ ಇರಿಸುವ ಪೆಡಲ್ ಬೇಗ ಮುಗಿಯುವ ವಿಷಯ. ಹಿಮ್ಮಡಿ ನೆಲದಲ್ಲಿರಲಿ. ಹೊಸ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಒತ್ತುವ ಕ್ಷಣಕ್ಕೆ ಪಾದ ಏಳಬೇಕು, ಒತ್ತಿದ ಮೇಲೆ ಮತ್ತೆ ಇಳಿಯಬೇಕು. ಎಣಿಸಿಕೊಂಡು ಮಾಡಿಸಿ: ಒಂದಕ್ಕೆ ಕೈ ಕೆಳಗೆ, ಪಾದ ಮೇಲೆ, ಎರಡಕ್ಕೆ ಪಾದ ಕೆಳಗೆ. ಪಾದ ಏಳುವುದು ತಡವಾದರೆ ಹಳೆಯ ಕಾರ್ಡ್ ಹೊಸದರೊಳಗೆ ಕಲಸಿಹೋಗುತ್ತದೆ.

ಮನೆಗೆ ಕೊಡುವ ಕೆಲಸವನ್ನು ನೋಟ್‌ಬುಕ್ಕಿನಲ್ಲಿ ಬಿಡಿಸಿ ಬರೆಯಿರಿ. 'ಈ ಪೀಸ್ ಅಭ್ಯಾಸ ಮಾಡು' ಎಂದು ಬರೆದರೆ ಏನೂ ಬರೆಯದಂತೆಯೇ. 'ಬಾರ್ 5ರಿಂದ 8, ಬಲಗೈ ಮಾತ್ರ, ಮೆಟ್ರೊನೋಮ್ 60, ಸತತ ಮೂರು ಸಲ ತಪ್ಪಿಲ್ಲದೆ ಬಂದರೆ 64' ಎನ್ನುವಂತಿರಲಿ (ಬಾರ್ ಎಂದರೆ ತಾಳದ ಒಂದು ಅಳತೆಯ ತುಂಡು, ಮೆಟ್ರೊನೋಮ್ ಅಂಕಿ ನಿಮಿಷಕ್ಕೆ ಎಷ್ಟು ಬಡಿತ ಎಂಬುದು). ತಪ್ಪಾದಾಗಲೆಲ್ಲ ಮೊದಲಿಗೇ ಓಡಿಹೋಗುವುದು ಎಲ್ಲರ ಚಾಳಿ, ಅದರಿಂದಲೇ ಮೊದಲ ಸಾಲು ನೀರು ಕುಡಿದಷ್ಟು ಸಲೀಸು, ಕೊನೆಯ ಸಾಲು ತಡವರಿಕೆ. ಹೊಸ ಪೀಸ್‌ನ ಕೊನೆಯ ನಾಲ್ಕು ಬಾರ್‌ಗಳನ್ನೇ ಮೊದಲು ಕಲಿಸಿ, ನಡುನಡುವೆ ಶುರು ಮಾಡಬೇಕಾದ ಜಾಗಗಳಿಗೆ ಪೆನ್ಸಿಲ್ ಗುರುತು ಹಾಕಿ. ತುಂಡು ಮಾಡಿ ಕಲಿಸುವಾಗ ಮುಂದಿನ ಬಾರ್‌ನ ಮೊದಲ ಸ್ವರವನ್ನೂ ಸೇರಿಸಿ, ಇಲ್ಲದಿದ್ದರೆ ಬೆಸುಗೆಯ ಕಡೆ ನಿಂತುಬಿಡುತ್ತಾರೆ.

ಮನೆಯಲ್ಲಿ ಯಾವ ವಾದ್ಯವಿದೆ ಎಂದೂ ಕೇಳಿ. ಎಷ್ಟು ಒತ್ತಿದರೂ ಒಂದೇ ಸದ್ದು ಬರುವ ಹಗುರ ಕೀಬೋರ್ಡ್ ಆದರೆ ಜೋರು-ಮೆಲು ನುಡಿಸುವ ಅಭ್ಯಾಸವನ್ನು ಅಲ್ಲಿಗೆ ಬಿಡಬೇಡಿ; ಕ್ಲಾಸಿನ ಮೊದಲ ಐದು ನಿಮಿಷವನ್ನು ಅದಕ್ಕೇ ಎತ್ತಿಡಿ, ಮನೆಗೆ ಬೆರಳು ಮತ್ತು ತಾಳದ ಕೆಲಸ ಕೊಡಿ.